ವಿಜ್ಞಾನದ ಹಾದಿಯಲ್ಲಿ ಅಲ್ಪಸಂಖ್ಯಾತರು: ಅನುದಾನವೊಂದೇ ಸಾಕೆ?

ಸುವರ್ಣ ಮಹೋತ್ಸವವೆಂಬುದು ಒಂದು ವಿದ್ಯಾಸಂಸ್ಥೆಯ ಬಾಳಿನಲ್ಲಿ ಸಂಭ್ರಮದ ಕಾಲ. ಹಾಗೆಯೇ ಲೆಕ್ಕ ನೋಡಿಕೊಳ್ಳುವ ಕಾಲವೂ ಹೌದು. ಕಾಸರಗೋಡಿನ ಮಣ್ಣಿನಲ್ಲಿ ನಮ್ಮ ಈ ಕನ್ನಡ ಶಾಲೆ ಐವತ್ತು ವರ್ಷಗಳನ್ನು ಪೂರೈಸಿದೆ. ಕಟ್ಟಡಗಳು ಎದ್ದಿವೆ, ಎಸ್.ಎಸ್.ಎಲ್.ಸಿ. ಫಲಿತಾಂಶಗಳು ತೃಪ್ತಿಕರವಾಗಿವೆ. ಆದರೆ ಶಾಲೆಯ ಹೊಸ್ತಿಲು ದಾಟಿದ ಬಳಿಕ ನಮ್ಮ ಮಕ್ಕಳ ಗತಿಯೇನೆಂಬುದನ್ನು ವಿಚಾರಿಸುವ ಹೊಣೆಯೂ ನಮ್ಮದಲ್ಲವೆ? ಮಹೋತ್ಸವ ನಿಧಿಯ ವಿನಿಯೋಗದ ಕುರಿತು ಹಲವು ಸಲಹೆಗಳು ಬಂದಿವೆ. ಮಹಾದ್ವಾರ, ರಂಗಮಂಟಪದ ಮೇಲ್ಛಾವಣಿ, ಹೆಚ್ಚು ಅಂಕ ಪಡೆದವರಿಗೆ ನಗದು ಬಹುಮಾನ ಇವೇ ಮೊದಲಾದುವೆಲ್ಲ ಸದುದ್ದೇಶದಿಂದ ಕೂಡಿದವುಗಳೇ. ಆದರೂ ಆ ನಿಧಿಯ ಒಂದು ಪಾಲನ್ನು, ಕನ್ನಡ ಮಾಧ್ಯಮದಲ್ಲಿ ಕಲಿತು ವಿಜ್ಞಾನ ಹಾಗೂ ತಾಂತ್ರಿಕ ಶಿಕ್ಷಣದ ಕಡೆಗೆ ಹೊರಡುವ ಮಕ್ಕಳಿಗಾಗಿ ಪ್ರತ್ಯೇಕವಾಗಿ ತೆಗೆದಿಡಬೇಕೆಂದೂ, ಅದನ್ನು ಬಹುಮಾನದ ರೂಪದಲ್ಲಿ ಹಂಚದೆ ಬೇರೊಂದು ರೀತಿಯಲ್ಲಿ ಬಳಸಬೇಕೆಂದೂ ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಆಧಾರವಾಗಿ ದೂರದ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ಓದುಗರ ಮುಂದಿಡುತ್ತೇನೆ. ಸಂಖ್ಯೆಯಲ್ಲಿ ಕಡಮೆಯಿರುವ ಜನವರ್ಗಗಳ ಮಕ್ಕಳನ್ನು ವಿಜ್ಞಾನ ಕ್ಷೇತ್ರಕ್ಕೆ ತರುವುದು ಹೇಗೆಂಬ ಪ್ರಶ್ನೆಯನ್ನು ಆ ದೇಶದ ವಿಶ್ವವಿದ್ಯಾನಿಲಯಗಳು ದಶಕಗಳ ಕಾಲ ಪರೀಕ್ಷೆಗೆ ಒಡ್ಡಿವೆ. ಅಲ್ಲಿನ ಆಫ್ರಿಕನ್ ಮೂಲದವರು, ಸ್ಪ್ಯಾನಿಷ್ ಭಾಷಾ ಮೂಲದವರು ಮತ್ತು ಮೂಲನಿವಾಸಿಗಳಿಗೆ 1960ರ ದಶಕದಲ್ಲಿ ಕಾಯಿದೆಯು ಕಾಲೇಜುಗಳ ಬಾಗಿಲನ್ನು ತೆರೆಯಿತು. ಬಾಗಿಲು ತೆರೆದರೂ ಪ್ರಯೋಗಶಾಲೆಗಳಲ್ಲಿ ಈ ಸಮುದಾಯದವರು ವಿರಳವಾಗಿಯೇ ಉಳಿದರು. ಆದ್ದರಿಂದ 1991ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು, ಒಂದು ಪ್ರದೇಶದ ಹಲವು ವಿಶ್ವವಿದ್ಯಾನಿಲಯಗಳು ಕೂಡಿ ಒಕ್ಕೂಟ ರಚಿಸಿಕೊಂಡರೆ ಅವಕ್ಕೆ ಅನುದಾನ ನೀಡುವ ಯೋಜನೆಯೊಂದನ್ನು ಆರಂಭಿಸಿತು. ಓಹಾಯೋ ರಾಜ್ಯದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಪ್ರಥಮ ಆಫ್ರಿಕನ್ ಮೂಲದ ಸದಸ್ಯರಾದ ಲೂಯಿಸ್ ಸ್ಟೋಕ್ಸ್ ಅವರ ಹೆಸರನ್ನು ಅದು ಹೊತ್ತಿದೆ. ಈ ವರ್ಗಗಳಿಂದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಪದವೀಧರರ ಸಂಖ್ಯೆಯನ್ನು ಹೆಚ್ಚಿಸುವುದು ಅದರ ಉದ್ದೇಶ.

ಹಣ ಕೊಡುವುದು ಸುಲಭ. ಹಣವನ್ನು ಯಾವುದಕ್ಕೆ ಕೊಡಬೇಕೆಂದು ಅರಿಯುವುದು ಕಷ್ಟ. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರು 1970ರ ದಶಕದಲ್ಲಿ ನಡೆಸಿದ ಅಧ್ಯಯನವು ಪ್ರತಿಯೊಬ್ಬ ಅಧ್ಯಾಪಕನೂ ತಿಳಿಯತಕ್ಕದ್ದಾಗಿದೆ. ಅಲ್ಲಿನ ಪ್ರಥಮ ವರ್ಷದ ಕಲನಶಾಸ್ತ್ರದ ತರಗತಿಯಲ್ಲಿ ಆಫ್ರಿಕನ್ ಮೂಲದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಹಿಂದೆ ಬೀಳುತ್ತಿದ್ದರು. ಕಾರಣವೇನೆಂದು ಕೇಳಿದಾಗ ಬಡತನ, ಆಸಕ್ತಿಯ ಕೊರತೆ, ಹಿಂದಿನ ಶಾಲೆಯ ದುರ್ಬಲ ತಳಹದಿ, ಮನೆಯ ವಾತಾವರಣ ಎಂದು ಅಧ್ಯಾಪಕರು ಉತ್ತರಿಸಿದರು. ಟ್ರೈಸ್ಮನ್ ಅವರು ಈ ಉತ್ತರಗಳನ್ನು ನಂಬಿ ಸುಮ್ಮನಿರಲಿಲ್ಲ. ಆಫ್ರಿಕನ್ ಮೂಲದ 20 ಮತ್ತು ಚೀನೀ ಮೂಲದ 20 ವಿದ್ಯಾರ್ಥಿಗಳ ಓದಿನ ಕ್ರಮವನ್ನು ತಿಂಗಳುಗಟ್ಟಲೆ ಹತ್ತಿರದಿಂದ ಗಮನಿಸಿದರು. ಅಧ್ಯಾಪಕರು ಹೇಳಿದ ಕಾರಣಗಳು ಯಾವುವೂ ನಿಲ್ಲಲಿಲ್ಲ. ಚೀನೀ ಮೂಲದವರು ಸಂಜೆ ಒಟ್ಟುಗೂಡಿ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದಿ, ಬಿಡಿಸಲಾರದ ಸಮಸ್ಯೆಯನ್ನು ಚರ್ಚಿಸುತ್ತಿದ್ದರು. ಆಫ್ರಿಕನ್ ಮೂಲದ ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ತಾವು ಎಲ್ಲಿ ಎಡವಿದ್ದೇವೆಂಬುದು ಪರೀಕ್ಷೆಯ ಅಂಕ ಬರುವ ತನಕ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿದಾಗ ತನ್ನಿಂದಾಗದೆಂಬ ನಿರ್ಣಯಕ್ಕೆ ಬಂದುಬಿಡುತ್ತಿದ್ದರು. 1978ರಲ್ಲಿ ಟ್ರೈಸ್ಮನ್ ಅವರು ಕಮ್ಮಟವೊಂದನ್ನು ಆರಂಭಿಸಿದರು. ಅಲ್ಲಿ ಹಳೆಯ ಪಾಠಗಳ ಪುನರಾವರ್ತನೆಯಿರಲಿಲ್ಲ. ಸಾಮಾನ್ಯ ತರಗತಿಗಿಂತಲೂ ಕಠಿನವಾದ ಸಮಸ್ಯೆಗಳನ್ನು ಕೊಟ್ಟು ಗುಂಪಾಗಿ ಕುಳಿತು ಬಿಡಿಸಲು ಹೇಳಲಾಯಿತು. ಹಿಂದೆ ಬೀಳುತ್ತಿದ್ದ ವರ್ಗದ ವಿದ್ಯಾರ್ಥಿಗಳೇ ಉತ್ತಮ ದರ್ಜೆ ಪಡೆಯತೊಡಗಿದರು.

ಎರಡನೆಯ ಉದಾಹರಣೆ ಬಾಲ್ಟಿಮೋರ್ ನಗರದ ಸಮೀಪದ್ದು. ಅಲ್ಲಿ 1966ರಲ್ಲಿ ಆರಂಭವಾದ ಮೇರಿಲ್ಯಾಂಡ್ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಫ್ರೀಮನ್ ಹ್ರಬೋವ್ಸ್ಕಿ ಎಂಬ ಗಣಿತ ಪ್ರಾಧ್ಯಾಪಕರು 1987ರಲ್ಲಿ ಬಂದು ಸೇರಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ನಡೆದ ಮಕ್ಕಳ ಮೆರವಣಿಗೆಯಲ್ಲಿ ನಡೆದು, ಹನ್ನೆರಡನೆಯ ವಯಸ್ಸಿನಲ್ಲಿಯೇ ಸೆರೆಮನೆ ಕಂಡವರು ಅವರು. ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಗಳ ಧನಸಹಾಯದಿಂದ 1988ರಲ್ಲಿ ಅಲ್ಲಿ ಒಂದು ವಿದ್ಯಾರ್ಥಿವೇತನ ಯೋಜನೆ ರೂಪುಗೊಂಡಿತು. ಮರುವರ್ಷ ಸೇರಿದ ಮೊದಲ ತಂಡದಲ್ಲಿದ್ದವರು ಕೇವಲ 19 ಹುಡುಗರು. 1990ರಿಂದ ಹುಡುಗಿಯರಿಗೂ ಪ್ರವೇಶ ದೊರೆಯಿತು.

ಆ ಹಣದಿಂದ ಶುಲ್ಕ ಭರಿಸಿದ್ದು ನಿಜ. ಆದರೆ ಅದರ ಜೊತೆಗೆ ನಡೆದ ಕಾರ್ಯಗಳೇ ಮುಖ್ಯವಾದವು. ಕಾಲೇಜು ಆರಂಭವಾಗುವ ಮೊದಲು ಬೇಸಗೆಯಲ್ಲಿ ಆರು ವಾರಗಳ ಸೇತುಬಂಧ ಶಿಬಿರ. ಮೊದಲ ವರ್ಷ ಎಲ್ಲರೂ ಒಂದೇ ವಸತಿಗೃಹದಲ್ಲಿ ವಾಸ. ಗುಂಪು ಅಧ್ಯಯನ ಐಚ್ಛಿಕವಲ್ಲ, ನಿತ್ಯದ ರೂಢಿ. ಸಹಾಯ ಕೇಳುವುದು ನಾಚಿಕೆಯ ಸಂಗತಿಯಲ್ಲವೆಂಬ ಪಾಠ. ಒಂದು ಮುಖ್ಯ ವಿಷಯದಲ್ಲಿ ಅಂಕ ಸಾಧಾರಣವಾಗಿದ್ದರೆ, ಉತ್ತೀರ್ಣನಾದೆನೆಂದು ಮುಂದೆ ಸಾಗದೆ ಅದನ್ನು ಮತ್ತೊಮ್ಮೆ ಕಲಿಯಲು ಪ್ರೋತ್ಸಾಹ. ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಕೈಯಾರೆ ದುಡಿಯುವ ಅವಕಾಶ. ತಂದೆತಾಯಂದಿರನ್ನೂ ಈ ಕಾರ್ಯದಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ. ಇದೇ ಯೋಜನೆಯಲ್ಲಿ ಓದಿ 2008ರಲ್ಲಿ ಪದವಿ ಪಡೆದ ಕಿಜ್ಮೇಕಿಯಾ ಕಾರ್ಬೆಟ್ ಎಂಬ ಮಹಿಳೆ, 2020ರಲ್ಲಿ ಮಾಡರ್ನಾ ಕೋವಿಡ್ ಲಸಿಕೆಯನ್ನು ರೂಪಿಸಿದ ಸರಕಾರಿ ವಿಜ್ಞಾನಿಗಳ ತಂಡದ ಮುಂಚೂಣಿಯಲ್ಲಿದ್ದರು. ಪೆನ್ಸಿಲ್ವೇನಿಯಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ವಿಶ್ವವಿದ್ಯಾನಿಲಯಗಳು ಇದೇ ಮಾದರಿಯನ್ನು ಅನುಸರಿಸಿವೆ.

ಇಂತಹ ಅನುದಾನಗಳಿಗೆ ಆ ದೇಶದಲ್ಲಿ ವಿರೋಧವೂ ಇದೆ. ಸಾರ್ವಜನಿಕ ಹಣವನ್ನು ಜನಾಂಗದ ಆಧಾರದಲ್ಲಿ ಹಂಚಬಹುದೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಾಲ್ಟಿಮೋರ್ ಯೋಜನೆಯು 1996ರಲ್ಲಿಯೇ, ಅಲ್ಪಸಂಖ್ಯಾತರ ಏಳಿಗೆಯಲ್ಲಿ ಆಸಕ್ತಿಯುಳ್ಳ ಯಾವುದೇ ಜನಾಂಗದ ವಿದ್ಯಾರ್ಥಿಗೆ ತೆರೆದುಕೊಂಡಿತು. ಅದರಿಂದ ಅದರ ಗುಣ ಕುಂದಲಿಲ್ಲ. ಆದರೆ 2025ರಲ್ಲಿ ಅಮೆರಿಕದ ಕೇಂದ್ರ ಸರಕಾರದ ನೀತಿಯೇ ಬದಲಾಗಿ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಈ ಬಗೆಯ ನೂರಾರು ಅನುದಾನಗಳನ್ನು ನಡುದಾರಿಯಲ್ಲಿಯೇ ರದ್ದುಪಡಿಸಿತು. ಕೆಲವು ರಾಜ್ಯಗಳು ನ್ಯಾಯಾಲಯದ ಮೊರೆಹೊಕ್ಕವು. ಆಕ್ಷೇಪವಿದ್ದಲ್ಲಿ ನಿಯಮವನ್ನು ತಿದ್ದುವುದು ಒಂದು ಮಾತು. ಅರ್ಧ ಓದಿದ ವಿದ್ಯಾರ್ಥಿಯ ಕೈಬಿಡುವುದು ಬೇರೆಯೇ ಮಾತು. ಸರಕಾರದ ಹಣವನ್ನೇ ಸಂಪೂರ್ಣವಾಗಿ ನಂಬಿದ ಕಾರ್ಯಕ್ಕೆ ಇಂತಹ ಆಪತ್ತು ತಪ್ಪದೆಂಬುದನ್ನು ನಾವೂ ಗಮನಿಸಬೇಕು.

ಇನ್ನು ನಮ್ಮ ಕಡೆಗೆ ನೋಡೋಣ. ಗುಲಾಮಗಿರಿಯ ಇತಿಹಾಸವುಳ್ಳ ಜನರ ಕಷ್ಟದೊಡನೆ ನಮ್ಮ ಕಷ್ಟವನ್ನು ಹೋಲಿಸುವುದು ಉಚಿತವಲ್ಲ. ನಮ್ಮದು ಭಾಷೆಗೆ ಸಂಬಂಧಿಸಿದ ತೊಡಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಭಾಷಾ ಅಲ್ಪಸಂಖ್ಯಾತರಾದೆವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350-ಎ ಅನುಚ್ಛೇದವು ಮಾತೃಭಾಷೆಯ ಶಿಕ್ಷಣದ ಮಾತನ್ನು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಕಾಯಿದೆಯಡಿ ಅಧಿಸೂಚಿತವಾದವರು ಧಾರ್ಮಿಕ ಅಲ್ಪಸಂಖ್ಯಾತರು. ಭಾಷೆಯ ಕಾರಣದಿಂದ ಅಲ್ಪಸಂಖ್ಯಾತರಾದವರು ಆ ಪಟ್ಟಿಯಲ್ಲಿಲ್ಲ. ಕರ್ನಾಟಕವು ತನ್ನ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಕಲ್ಪಿಸಿರುವುದು ಸ್ತುತ್ಯರ್ಹ. ಆದರೆ ಸೀಟು ದೊರಕುವ ಹಂತಕ್ಕೆ ಮಗು ತಲುಪಬೇಕಲ್ಲ!

ಮಗು ಎಡವುವುದು ಅದಕ್ಕಿಂತ ಎಷ್ಟೋ ಮೊದಲು, ಹತ್ತನೆಯ ಮತ್ತು ಹನ್ನೊಂದನೆಯ ತರಗತಿಗಳ ನಡುವೆ. ಹತ್ತರ ತನಕ ಕನ್ನಡದಲ್ಲಿ ಕಲಿತವರಿಗೆ ಪ್ಲಸ್ ವನ್ ವಿಜ್ಞಾನವನ್ನು ಬೋಧಿಸುವುದು ಇಂಗ್ಲಿಷಿನಲ್ಲಿ. ವೇಗೋತ್ಕರ್ಷವೆಂದರೇನೆಂದು ಚೆನ್ನಾಗಿ ಬಲ್ಲ ಹುಡುಗಿಗೆ ಆಕ್ಸಿಲರೇಷನ್ ಎಂಬ ಪದ ಅಪರಿಚಿತ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಿದ ಹುಡುಗ ಫೋಟೋಸಿಂಥೆಸಿಸ್ ಎಂದೊಡನೆ ತಲೆ ತಗ್ಗಿಸುತ್ತಾನೆ. ವಿಷಯ ತಿಳಿದಿದೆ, ಹೆಸರು ತಿಳಿದಿಲ್ಲ. ಕೇಳಲು ಸಂಕೋಚ, ಜೊತೆಯವರು ಬೇರೆ ಶಾಲೆಗಳಿಂದ ಬಂದವರು. ಬರ್ಕ್ಲಿಯ ವಿದ್ಯಾರ್ಥಿಯಂತೆ ಇವನೂ ಒಬ್ಬನೇ ಕುಳಿತು ಓದುತ್ತಾನೆ. ಮೊದಲ ಪರೀಕ್ಷೆಯ ಅಂಕ ಬಂದೊಡನೆ ತನಗೆ ವಿಜ್ಞಾನ ಹೇಳಿದ್ದಲ್ಲವೆಂದು ತೀರ್ಮಾನಿಸುತ್ತಾನೆ. ಮನೆಯವರು ಕನ್ನಡ ಮಾಧ್ಯಮವೇ ಕೆಡಿಸಿತೆಂದು ತೀರ್ಮಾನಿಸಿ, ಅವನ ತಂಗಿಯನ್ನು ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸುತ್ತಾರೆ. ನಮ್ಮ ಶಾಲೆಯ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಮೆಯಾಗುತ್ತದೆ. ಹೀಗೆ ಪ್ಲಸ್ ವನ್ ತರಗತಿಯ ಸೋಲು ನಮ್ಮ ಶಾಲೆಯ ಬುಡವನ್ನೇ ಅಲುಗಾಡಿಸುತ್ತದೆ. ಈ ಸಂಗತಿ ಕಣ್ಣಿಗೆ ಬಿದ್ದ ಮೇಲೂ ಮಹಾದ್ವಾರದ ನಕ್ಷೆಯನ್ನೇ ನೋಡುತ್ತ ಕೂರುವುದು ಹೇಗೆ?

ಆದ್ದರಿಂದ ಆಡಳಿತ ಮಂಡಳಿಯ ಮತ್ತು ಹಳೆ ವಿದ್ಯಾರ್ಥಿ ಸಂಘದ ಮುಂದೆ ನನ್ನ ಸೂಚನೆಗಳಿವು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಬಳಿಕ ಎಪ್ರಿಲ್-ಮೇ ತಿಂಗಳುಗಳಲ್ಲಿ ನಾಲ್ಕೈದು ವಾರಗಳ ಸೇತುಬಂಧ ಶಿಬಿರ ನಡೆಯಲಿ. ಅಲ್ಲಿ ಹತ್ತನೆಯ ತರಗತಿಯ ಪಾಠವನ್ನೇ ಮತ್ತೆ ಒಪ್ಪಿಸುವುದು ಬೇಡ. ಮುಂದಿನ ತರಗತಿಯ ಸಮಸ್ಯೆಗಳನ್ನೇ ಎರಡೂ ಭಾಷೆಗಳ ಪದಗಳೊಡನೆ, ಗುಂಪುಗಳಲ್ಲಿ ಬಿಡಿಸಲಿ. ಆ ಬಳಿಕ ಎರಡು ವರ್ಷಗಳ ಕಾಲ, ಬೇರೆ ಬೇರೆ ಶಾಲೆಗಳಿಗೆ ಚದರಿದ ಈ ಮಕ್ಕಳು ವಾರಕ್ಕೊಮ್ಮೆ ನಮ್ಮ ಶಾಲೆಯಲ್ಲಿಯೇ ಕೂಡಿ ಓದಲಿ. ಇಂಜಿನಿಯರುಗಳೂ ವೈದ್ಯರೂ ಪ್ರಾಧ್ಯಾಪಕರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಲಾ ಇಬ್ಬರು ಮಕ್ಕಳ ಹೊಣೆ ಹೊರಲಿ. ದೂರದಲ್ಲಿದ್ದವರು ದೂರವಾಣಿಯ ಮೂಲಕವೂ ಈ ಕೆಲಸ ಮಾಡಬಹುದು. ತೋಟಗಾರಿಕಾ ಬೆಳೆಗಳ ಕೇಂದ್ರೀಯ ಸಂಶೋಧನಾಲಯವು ನಮ್ಮ ಊರಿನಲ್ಲಿಯೇ ಇದೆ. ಕೇರಳದ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರಿಂದ ನಮ್ಮ ಜಿಲ್ಲೆಯಲ್ಲಿದೆ. ಅಲ್ಲಿನ ವಿಜ್ಞಾನಿಗಳನ್ನು ಪ್ರಾರ್ಥಿಸಿ ಮಕ್ಕಳಿಗೆ ಪ್ರಯೋಗಶಾಲೆಯ ಪರಿಚಯ ಮಾಡಿಸಬೇಕು. ನಿಧಿಯ ಹಣವು ಶಿಬಿರದ ಅಧ್ಯಾಪಕರ ಸಂಭಾವನೆಗೆ, ಮಕ್ಕಳ ಬಸ್ಸಿನ ವೆಚ್ಚಕ್ಕೆ, ಮಧ್ಯಾಹ್ನದ ಊಟಕ್ಕೆ, ಪುಸ್ತಕಗಳಿಗೆ ವಿನಿಯೋಗವಾಗಲಿ. ಉನ್ನತ ಅಂಕ ಪಡೆದವನಿಗೆ ಕೊಡುವ ಬಹುಮಾನವು ಆಗಲೇ ಗೆದ್ದವನ ಕೈಸೇರುತ್ತದೆ. ನಡುವಿನಲ್ಲಿರುವವನನ್ನು ಅದು ಮುಟ್ಟುವುದಿಲ್ಲ.

ಈ ಶಿಬಿರದ ಬಾಗಿಲಿನಲ್ಲಿ ಯಾರ ಜಾತಿ, ಮತವನ್ನೂ ಕೇಳಬಾರದು. ನಮ್ಮ ತರಗತಿಗಳಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಗಿರುವ ಮಕ್ಕಳು ಸದಾ ಇದ್ದಾರೆ. ಕನ್ನಡದಲ್ಲಿ ಕಲಿತಿರುವುದೊಂದೇ ಅರ್ಹತೆಯಾಗಿರಲಿ. ನೆರೆಯ ಕನ್ನಡ ಶಾಲೆಗಳ ಮಕ್ಕಳಿಗೂ ಸ್ಥಳವಿರಲಿ.

ಇಂಗ್ಲಿಷ್ ಪದಗಳನ್ನು ಕಲಿಸಲು ಕನ್ನಡದ ಹಣ ಬಳಸುವುದು ಸರಿಯೆ ಎಂದು ಕನ್ನಡಾಭಿಮಾನಿಗಳು ಕೇಳಬಹುದು. ಕನ್ನಡದಲ್ಲಿ ಗಟ್ಟಿಯಾಗಿ ಕಲಿತವನು ಮುಂದೆಯೂ ಗೆಲ್ಲಬಲ್ಲನೆಂದು ಊರಿನವರಿಗೆ ತೋರಿಸಿಕೊಡುವುದಕ್ಕಿಂತ ಮಿಗಿಲಾದ ಕನ್ನಡದ ಕೆಲಸ ಈ ಗಡಿನಾಡಿನಲ್ಲಿ ಇನ್ನಾವುದಿದೆ? ನಮ್ಮ ನಿಧಿ ಚಿಕ್ಕದೆಂದು ಇನ್ನು ಕೆಲವರು ಹೇಳಬಹುದು. ಬಾಲ್ಟಿಮೋರಿನಲ್ಲಿ ಆರಂಭಿಸಿದ್ದು 19 ಮಂದಿಯಿಂದ. ನಾವು ಹತ್ತು ಮಕ್ಕಳಿಂದ ಆರಂಭಿಸೋಣ. ಬರುವ ಎಪ್ರಿಲ್ ತಿಂಗಳಿಗೆ ಶಿಬಿರ ಸಿದ್ಧವಾಗುವುದಾದರೆ, ಕೈಕಾಲು ಗಟ್ಟಿಯಿರುವ ತನಕ ಗಣಿತದ ಒಂದು ಗಂಟೆಯನ್ನು ವಹಿಸಿಕೊಳ್ಳಲು ನಾನು ಸಿದ್ಧನಿದ್ದೇನೆ. ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಕೆಳಗಿಡುವ ಮೊದಲು ತಾವು ವಹಿಸಿಕೊಳ್ಳುವ ಗಂಟೆ ಯಾವುದೆಂದು ಯೋಚಿಸಬೇಕಾಗಿ ವಿನಂತಿ.

ನಮ್ಮ ಶಾಲೆಯು ಶತಮಾನೋತ್ಸವವನ್ನು ಆಚರಿಸುವಂತಾಗಲಿ. ಆ ಸಮಾರಂಭದ ವೇದಿಕೆಯ ಮೇಲೆ, ಇಲ್ಲಿಯೇ ಕನ್ನಡದಲ್ಲಿ ಓದಿದ ವಿಜ್ಞಾನಿಯೊಬ್ಬರು ಕುಳಿತಿರುವಂತಾಗಲಿ ಎಂದು ಹಾರೈಸುತ್ತೇನೆ.