ಹಿಂಡಿಯ ಮರ್ಯಾದೆ ಹಿಪ್ಪೆಗೂ ಸಿಗಲಿ

ಹಣ್ಣಿನ ರಸ, ಬಿಯರ್, ಟೊಮೆಟೊ ಸಾಸ್ ತಯಾರಾದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಸಿಪ್ಪೆ, ಹಿಪ್ಪೆಗಳನ್ನು ದನ ಕುರಿಗಳಿಗೆ ಹಾಕುವುದು ಸರಿಯೇ? ಕಸ ತಿನ್ನಿಸಿ ಹಾಲು ಕರೆಯುವುದೆಂದರೆ ಪೇಟೆಯವರು ಮುಖ ಕಿವುಚುತ್ತಾರೆ. ಆದರೆ ನಮ್ಮ ಕೊಟ್ಟಿಗೆಗಳು ಮೊದಲಿನಿಂದಲೂ ನಡೆದಿರುವುದೇ ಹಾಗೆ. ಕಡಲೆಕಾಯಿ ಹಿಂಡಿ ಗಾಣದ ಉಳಿಕೆ, ತೌಡು ಅಕ್ಕಿ ಗಿರಣಿಯದು, ಬೂಸಾ ಗೋಧಿ ಗಿರಣಿಯದು. ನಮಗೆ ಅರಗದ ನಾರನ್ನು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅರಗಿಸಿಕೊಡುತ್ತವೆ. ಮನುಷ್ಯ ತಿನ್ನಬಹುದಾದ ಕಾಳನ್ನೇ ಬೆಳೆದು ಗೋದಲಿಗೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ತಕರಾರಿರುವುದು ನೀರಿನಲ್ಲಿ. ಹಿಂಡಿ, ಬೂಸಾ ಒಣ ಸರಕು. ಚೀಲ ಕಟ್ಟಿಟ್ಟರೆ ಒಂದಷ್ಟು ದಿನ ಬಾಳುತ್ತದೆ. ಬಿಯರ್ ಕಾರ್ಖಾನೆಯ ಬಾರ್ಲಿ ಹಿಪ್ಪೆಯಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನೀರೇ. ಒಣಗಿಸಿ ತೂಗಿದರೆ ಶೇ. 20ಕ್ಕೂ ಮಿಕ್ಕಿ ಪ್ರೋಟೀನ್ ಇರುವ ಒಳ್ಳೆಯ ಮೇವು ಅದು. ಆದರೆ 100 ಕೆ.ಜಿ. ಕೊಂಡ ರೈತ ಸುಮಾರು 75 ಕೆ.ಜಿ. ನೀರಿಗೂ ಬಾಡಿಗೆ ತೆತ್ತಿರುತ್ತಾನೆ. ಟ್ರೈಲರಿನ ಸಂದಿಯಿಂದ ದಾರಿಯುದ್ದಕ್ಕೂ ಕಂದು ರಸ ತೊಟ್ಟಿಕ್ಕಿಸುತ್ತ ಬರುವ ರಾಶಿ ಇಳಿಸುವಾಗ ಬೆಚ್ಚಗಿರುತ್ತದೆ, ಸಿಹಿಯಾಗಿ ಘಮ್ಮೆನ್ನುತ್ತದೆ. ಬೇಸಗೆಯಲ್ಲಿ ಎರಡು ಮೂರು ದಿನ ಕಳೆದರೆ ಹುಳಿ ನಾತ, ಮೇಲೆ ಬೂಷ್ಟು. ಎಸೆಯಲು ಮನಸ್ಸು ಬರುವುದಿಲ್ಲ, ದುಡ್ಡು ಕೊಟ್ಟಾಗಿದೆಯಲ್ಲ!

ಬೂಷ್ಟು ಹಿಡಿದ ಮೇವು ಹಾಕಿದರೆ ಏನಾಗುತ್ತದೆಂಬುದಕ್ಕೆ ಹಳೆಯದೊಂದು ಉದಾಹರಣೆಯಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಅದಕ್ಕೆ ಕಾರಣ. (ಒಣ ಹಿಂಡಿಯೂ ಪೂರಾ ಸಾಚಾ ಅಲ್ಲ ಅನ್ನಿ.) ಹಸು ಈ ವಿಷ ತಿಂದರೆ ಅದರ ಒಂದಂಶ ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮಲ್ಲಿ ನಿಯಮವಿದೆ. ಬೇಕರಿಯ ಹಳೇ ಬ್ರೆಡ್ಡು, ಛತ್ರದಲ್ಲಿ ಮಿಕ್ಕ ಅನ್ನದ ಅಪಾಯ ಬೇರೆ ಬಗೆಯದು: ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯೊಳಗೆ ಆಮ್ಲವೇರಿ ಹಸು ನೆಲ ಹಿಡಿಯುತ್ತದೆ, ಕುರಿಯಾದರೆ ಬೆಳಗಾಗುವುದರೊಳಗೆ ಸತ್ತರೂ ಸತ್ತೀತು.

ಹಸಿ ಹಿಪ್ಪೆ ಕೊಳೆಯದಂತೆ ಇಡುವ ಉಪಾಯ ಗೊತ್ತಿಲ್ಲದ್ದೇನಲ್ಲ. ಅನಾನಸಿನ ಸಿಪ್ಪೆ, ಜುಟ್ಟುಗಳನ್ನು ಗಾಳಿಯಾಡದಂತೆ ಅದುಮಿ ಮುಚ್ಚಿಟ್ಟು ರಸಮೇವು ಮಾಡುವ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೇ ರೂಪಿಸಿದೆ. ಪ್ರಶ್ನೆ, ಆ ಕೆಲಸ ಯಾರು ಮಾಡಬೇಕು ಎಂಬುದು. ಹಿಪ್ಪೆ ತನ್ನಲ್ಲೇ ಉಳಿದರೆ ವಿಲೇವಾರಿಯ ಖರ್ಚು ಕಾರ್ಖಾನೆಯದು. ಮಾರಿಬಿಟ್ಟರೆ ಖರ್ಚೂ ತಪ್ಪಿತು, ನಾಲ್ಕು ಕಾಸೂ ಬಂತು. ಕೊಳೆಯುವ ಭಯ ಮಾತ್ರ ಎರಡು ಹಸು ಕಟ್ಟಿದವನ ತಲೆಗೆ. ಹಿಂಡುವ ಯಂತ್ರ, ಮುಚ್ಚಿಡುವ ಜಾಗ ಇರುವವರು ಕಾರ್ಖಾನೆಯವರು. ನೀರು ತೆಗೆದೋ ರಸಮೇವು ಮಾಡಿಯೋ, ಅದರಲ್ಲಿ ಏನಿದೆ, ಯಾವ ದಿನದ್ದು ಎಂದು ಬರೆದು ಕೊಡುವ ಹೊಣೆಯನ್ನು ಅವರೇ ಹೊರಬೇಕು.

ಹಾಗೆ ಮಾಡಿದರೆ ಬೆಲೆ ಏರುತ್ತದೆ, ಬಡವರಿಗೆ ಎಟುಕುವುದಿಲ್ಲ ಎನ್ನುವವರಿದ್ದಾರೆ. ಏರುವುದು ನಿಜ. ಆದರೆ ನೀರಿನ ಬಾಡಿಗೆ, ಎಸೆದ ಹಿಪ್ಪೆ, ಡಾಕ್ಟರ ಫೀಸು ಎಲ್ಲವನ್ನೂ ಕೂಡಿಸಿದರೆ ಈಗಿನ ಅಗ್ಗ ಅಷ್ಟೇನೂ ಅಗ್ಗವಲ್ಲ. ಕಾರ್ಖಾನೆಯ ಪಕ್ಕದ ಊರಿನವರು ದಿನಾ ಗಾಡಿ ತಂದು, ಅಂದಿನದನ್ನು ಅಂದೇ ಹಾಕಿ ಮುಗಿಸುವುದಾದರೆ ಹಸಿ ಹಿಪ್ಪೆಯನ್ನೇ ಒಯ್ಯಲಿ. ಅವರಿಗೆ ಈ ಕಟ್ಟುಪಾಡೇನೂ ಬೇಡ.