ಘಟ್ಟದ ಮೇಲೆ ಕಡಲ ವಿದ್ಯೆ, ಒಲೆಯ ಮುಂದೆ ನಮ್ಮ ಹುಡುಗರು

ಮುಂಬಯಿ-ಪುಣೆಗಳ ನಡುವೆ ಓಡಾಡುವ ನಮ್ಮ ವಾಚಕರಲ್ಲಿ ಲೋಣಾವಳಾ ಊರನ್ನು ಅರಿಯದವರು ವಿರಳ. ಬೋರ್ ಘಾಟವನ್ನು ಏರಿ ಬಂದ ರೈಲು ಅಲ್ಲಿ ನಿಂತಾಗ ಚಿಕ್ಕಿಯ ಪೊಟ್ಟಣವೊಂದನ್ನು ಕೊಳ್ಳದೆ ಮುಂದೆ ಸಾಗುವವರೂ ವಿರಳವೇ. ಆದರೆ ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಈ ಊರು ಕಡಲಿನ ಉದ್ಯೋಗಕ್ಕೆ ಜನರನ್ನು ಸಿದ್ಧಗೊಳಿಸುವ ಊರೂ ಹೌದೆಂಬುದನ್ನು ನಮ್ಮವರು ಅಷ್ಟಾಗಿ ಗಮನಿಸಿದಂತಿಲ್ಲ. ನೌಕಾದಳದ ಯಂತ್ರವಿದ್ಯಾಶಾಲೆಯಾದ ಐ.ಎನ್.ಎಸ್. ಶಿವಾಜಿ ೧೯೪೫ರಿಂದಲೂ ಇಲ್ಲಿಯೇ ಇದೆ. ನಮ್ಮ ದೇಶದವರಲ್ಲದೆ ಮಿತ್ರರಾಷ್ಟ್ರಗಳ ನಾವಿಕರೂ ಅಲ್ಲಿ ಕಲಿತು ಹೋಗಿದ್ದಾರೆ. ವ್ಯಾಪಾರಿ ಹಡಗುಗಳಿಗೆ ಅಧಿಕಾರಿಗಳನ್ನು ತಯಾರಿಸುವ ಸಮುಂದ್ರ ಇನ್ಸ್‌ಟಿಟ್ಯೂಟ್ ಎಂಬ ಖಾಸಗಿ ಶಾಲೆಯೂ ಇಲ್ಲುಂಟು. ಕಡಲನ್ನು ಕಾಣಬೇಕಾದರೆ ಘಟ್ಟವಿಳಿದು ಹೋಗಬೇಕಾದ ಸ್ಥಳದಲ್ಲಿ ಹಡಗಿನ ಯಂತ್ರಾಗಾರವನ್ನು ನೆಲದ ಮೇಲೆಯೇ ಕಟ್ಟಿ ನಿಲ್ಲಿಸಿ ಅದರೊಳಗೆ ಪಾಠ ಹೇಳುತ್ತಾರೆ.

ಅದೇ ರಸ್ತೆಯ ಬದಿಯ ಉಪಾಹಾರಗೃಹಗಳ ಒಳಮನೆಗಳಲ್ಲಿ ಇನ್ನೊಂದು ಶಾಲೆ ನಡೆಯುತ್ತಿದೆ. ಅದಕ್ಕೆ ಹೆಸರಿಲ್ಲ, ಹಲಗೆಯಿಲ್ಲ. ಉಡುಪಿಯಿಂದಲೋ ಕುಂದಾಪುರದಿಂದಲೋ ಬಂದ ಹುಡುಗನು ಮೊದಲು ಕಪ್ಪುಬಸಿ ತೊಳೆದು, ಬಳಿಕ ಮೇಜು ಒರೆಸಿ, ಮುಂದೆ ಹಿಟ್ಟು ರುಬ್ಬಿ, ಕೊನೆಗೆ ಕಾವಲಿಯ ಮುಂದೆ ನಿಲ್ಲುವ ವರೆಗಿನ ವಿದ್ಯಾಭ್ಯಾಸಕ್ಕೆ ಏಳೆಂಟು ವರ್ಷಗಳು ಹಿಡಿಯುತ್ತವೆ. ರವಿವಾರದ ದಿನ ಸಾವಿರ ಗಿರಾಕಿಗಳಿಗೆ ದೋಸೆ ಹೊಯ್ದು ಒಂದನ್ನೂ ಕರಕಲಾಗಿಸದ ಆ ಕೈಯ ಹಿಂದೆ ಎಷ್ಟು ಪಾಠಗಳಿವೆ ಎಂಬುದನ್ನು ಗಲ್ಲಾದಲ್ಲಿ ಕುಳಿತವರೆಲ್ಲ ಬಲ್ಲರು. ಆದರೂ ಆ ಹುಡುಗನ ವಿದ್ಯೆಗೆ ಮಾಲಕನ ಬಾಯಿಮಾತೊಂದೇ ಸಾಕ್ಷಿ. ಆ ಮಾತು ಪುಣೆಯಲ್ಲಿ ನಡೆದೀತು, ಮಾಟುಂಗದಲ್ಲಿಯೂ ನಡೆದೀತು. ದುಬೈಯಲ್ಲಿ, ಸಿಂಗಪುರದಲ್ಲಿ ನಡೆಯಲಾರದು. ನಾವಿಕ ಶಾಲೆಯಿಂದ ಹೊರಟ ಅದೇ ವಯಸ್ಸಿನ ಹುಡುಗನ ಪ್ರಮಾಣಪತ್ರವನ್ನು ಮಾತ್ರ ರಾಟರ್‌ಡ್ಯಾಮಿನ ಬಂದರಿನಲ್ಲಿಯೂ ಒಪ್ಪುತ್ತಾರೆ. ಈ ಅಂತರ ಎಲ್ಲಿಂದ ಬಂದಿತೆಂಬುದೇ ನಮ್ಮ ಇಂದಿನ ವಿಚಾರ.

ನಾವಿಕರ ವಿದ್ಯೆಗೆ ಈ ಮಾನ್ಯತೆ ತಾನಾಗಿ ಒದಗಲಿಲ್ಲ. ನಾವಿಕರ ತರಬೇತಿಗೆ ಜಗತ್ತಿನಾದ್ಯಂತ ಒಂದೇ ಮಟ್ಟವಿರಬೇಕೆಂದು ೧೯೭೮ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಆದರೆ ಅದರಲ್ಲಿ ಅನೇಕ ವಿಷಯಗಳನ್ನು ಆಯಾ ಸರಕಾರದ ತೃಪ್ತಿಗೆ ಬಿಟ್ಟುಕೊಡಲಾಗಿತ್ತು. ತನ್ನ ಮನೆಯ ಸಾರಿಗೆ ತಾನೇ ತೃಪ್ತಿಪಡುವುದು ಯಾರಿಗೂ ಕಷ್ಟವಲ್ಲ. ಸರಕಾರಗಳೂ ಹಾಗೆಯೇ ತೃಪ್ತಿಪಟ್ಟವು. ಒಂದು ದೇಶದ ಪ್ರಮಾಣಪತ್ರಕ್ಕೂ ಇನ್ನೊಂದರದಕ್ಕೂ ಅಜಗಜಾಂತರವಾಯಿತು. ಆದುದರಿಂದ ೧೯೯೫ರಲ್ಲಿ ಒಪ್ಪಂದವನ್ನು ತಿದ್ದಿ, ಪ್ರತಿಯೊಂದು ದೇಶವೂ ತಾನು ತರಬೇತಿ ಕೊಡುವ ಬಗೆಯನ್ನು ಬರೆದು ಅಂತರರಾಷ್ಟ್ರೀಯ ನೌಕಾಸಂಸ್ಥೆಗೆ ಒಪ್ಪಿಸಬೇಕೆಂದೂ, ಅದನ್ನು ಇತರ ದೇಶಗಳ ಬಲ್ಲವರ ಮಂಡಲಿಯೊಂದು ಓದಿ ನೋಡಬೇಕೆಂದೂ ವಿಧಿಸಿದರು. ಅದಲ್ಲದೆ ಐದು ವರ್ಷಗಳಿಗೆ ಮೀರದಂತೆ, ಆ ತರಬೇತಿಯಲ್ಲಿ ತಮ್ಮ ಕೈಯಿಲ್ಲದ ತಜ್ಞರಿಂದ ಸ್ವತಂತ್ರ ಪರಿಶೀಲನೆ ನಡೆಯಬೇಕು. ಇದರ ಫಲವಾಗಿ ೨೦೦೦ನೆಯ ಇಸವಿಯ ಡಿಸೆಂಬರಿನಲ್ಲಿ ಹೊರಬಂದ ಮೊದಲ ‘ಬಿಳಿ ಪಟ್ಟಿ’ಯಲ್ಲಿ ೭೧ ದೇಶಗಳಿದ್ದವು, ಭಾರತವೂ ಅದರಲ್ಲಿತ್ತು.

ಪರಿಶೀಲನೆಯ ಬಿಸಿ ಎಷ್ಟೆಂಬುದನ್ನು ಫಿಲಿಪ್ಪೀನ್ಸ್ ದೇಶವನ್ನು ಕೇಳಬೇಕು. ಯುರೋಪಿನ ಒಕ್ಕೂಟದ ನೌಕಾಸುರಕ್ಷಾ ಸಂಸ್ಥೆಯವರು ೨೦೦೬ರಿಂದ ಅಲ್ಲಿನ ನಾವಿಕ ಶಾಲೆಗಳನ್ನು ನೋಡುತ್ತ ಬಂದು, ಕುಂದುಗಳನ್ನು ಎತ್ತಿ ತೋರಿಸುತ್ತ, ಇವು ಸರಿಹೋಗದಿದ್ದರೆ ನಿಮ್ಮ ಪ್ರಮಾಣಪತ್ರಗಳನ್ನು ಒಪ್ಪುವುದಿಲ್ಲವೆಂದರು. ಯುರೋಪಿನ ಹಡಗುಗಳಲ್ಲಿ ದುಡಿಯುತ್ತಿದ್ದ ಸುಮಾರು ೫೦,೦೦೦ ಫಿಲಿಪ್ಪೀನೀ ಅಧಿಕಾರಿಗಳ ಅನ್ನ ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಆ ದೇಶ ಶಾಲೆಗಳನ್ನು ಸುಧಾರಿಸಲು ಕೈಹಾಕಿದ ಮೇಲೆ, ೨೦೨೩ರ ಮಾರ್ಚ್ ೩೧ರಂದು ಮಾನ್ಯತೆ ಮುಂದುವರಿಯುವುದೆಂದು ಯುರೋಪಿನವರು ಸಾರಿದರು. ನಮ್ಮ ದೇಶದ ನಾವಿಕ ಶಾಲೆಗಳನ್ನೂ ಅವರು ಬಂದು ನೋಡಿದ್ದಾರೆ. ಇಂತಹ ಪರಿಶೀಲನೆಯಲ್ಲಿ ಬೆದರಿಕೆಯ ಅಂಶ ಹೆಚ್ಚು. ನಾವು ಇದನ್ನೇ ಆದರ್ಶವೆನ್ನಲಾರೆವು. ಆದರೆ ಹೊರಗಿನವನೊಬ್ಬ ಬಂದು ನೋಡುವನೆಂಬ ಅರಿವು ಹದಿನೇಳು ವರ್ಷಗಳಲ್ಲಿ ಮಾಡಿಸಿದ ಕೆಲಸವನ್ನು, ಯಾರೂ ನೋಡುವುದಿಲ್ಲವೆಂಬ ಅರಿವು ಎಪ್ಪತ್ತು ವರ್ಷಗಳಾದರೂ ಮಾಡಿಸಲಾರದು.

ಇಲ್ಲಿ ನಮ್ಮ ಹೊಟೇಲು ಬಂಧುಗಳು ಲಕ್ಷ್ಯವಿಡಬೇಕಾದ ಸಂಗತಿಯೊಂದಿದೆ. ಹಡಗಿನ ಅಡಿಗೆಯವನೂ ಈ ಲೋಕದವನೇ. ಹಡಗಿನ ಅಡಿಗೆಯವರಿಗೆ ಪ್ರಮಾಣಪತ್ರವಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೪೬ರಷ್ಟು ಹಿಂದೆಯೇ ಒಪ್ಪಂದವೊಂದನ್ನು ಮಾಡಿತ್ತು. ೨೦೦೬ರ ನಾವಿಕ ಕಾರ್ಮಿಕ ಒಪ್ಪಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಭಾರತ ಅದಕ್ಕೆ ೨೦೧೫ರಲ್ಲಿ ಸೇರಿತು. ಅದರಂತೆ ಹತ್ತು ಅಥವಾ ಹೆಚ್ಚು ಮಂದಿ ಸಿಬ್ಬಂದಿಯಿರಬೇಕಾದ ಹಡಗಿನಲ್ಲಿ ಪೂರ್ಣ ತರಬೇತಿ ಪಡೆದ ಅಡಿಗೆಯವನಿರಲೇಬೇಕು; ಅವನಿಗೆ ಹದಿನೆಂಟು ತುಂಬಿರಬೇಕು; ಪರದೇಶದ ಬಂದರಿನ ತಪಾಸಣೆಯವರು ಅವನ ಪತ್ರವನ್ನು ಕೇಳಿ ನೋಡಬಹುದು. ಅವನಿಗೆ ಏನೇನು ಕಲಿಸಬೇಕೆಂಬುದನ್ನು ಸರಕಾರದವರು, ಹಡಗಿನ ಒಡೆಯರು, ನಾವಿಕರು ಮೂವರೂ ಜಿನೀವಾದಲ್ಲಿ ೨೦೧೩ರಲ್ಲಿ ಒಟ್ಟಿಗೆ ಕುಳಿತು ನಿರ್ಣಯಿಸಿದರು. ಇಪ್ಪತ್ತು ಮಂದಿಗೆ ಅಡಿಗೆ ಮಾಡುವವನ ವಿದ್ಯೆಯ ಮೇಲೆ ಜಗತ್ತು ಇಷ್ಟು ಕಣ್ಣಿಟ್ಟಿದೆ. ನೆಲದ ಮೇಲೆ ಸಾವಿರ ಮಂದಿಗೆ ಉಣಬಡಿಸುವವನ ವಿದ್ಯೆಯನ್ನು ಯಾರು ನೋಡಿದ್ದಾರೆ?

ಶಾಲೆಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಸರಕಾರದ ಕುಶಲಕರ್ಮಿ ತರಬೇತಿ ಯೋಜನೆ ಪ್ರಾರಂಭವಾದುದು ೧೯೫೦ರಲ್ಲಿ. ಮುಂಬಯಿಯ ಹೊಟೇಲು ವಿದ್ಯಾಸಂಸ್ಥೆ ೧೯೫೪ರಷ್ಟು ಹಳೆಯದು. ಅಪ್ರೆಂಟಿಸ್ ಕಾಯಿದೆ ೧೯೬೧ರದು. ಇಂದು ದೇಶದಲ್ಲಿ ಐ.ಟಿ.ಐ.ಗಳ ಸಂಖ್ಯೆ ೧೪,೦೦೦ವನ್ನು ಮೀರಿದೆ. ಅವುಗಳಲ್ಲಿ ಹೆಚ್ಚಿನವು ಖಾಸಗಿಯವು. ಅಡಿಗೆಯನ್ನೂ ಬಡಿಸುವಿಕೆಯನ್ನೂ ಅಲ್ಲಿ ವೃತ್ತಿಯಾಗಿಯೇ ಕಲಿಸುತ್ತಾರೆ. ಶಾಲೆ ಕಾಣದೆ ಕೆಲಸ ಕಲಿತವನ ಅನುಭವಕ್ಕೂ ಪ್ರಮಾಣಪತ್ರ ಕೊಡುವ ಏರ್ಪಾಡು ೨೦೧೫ರ ಕೌಶಲ್ಯ ಯೋಜನೆಯಿಂದ ಬಂದಿದೆ. ೨೦೧೮ರಲ್ಲಿ ಇವೆಲ್ಲಕ್ಕೂ ಮೇಲ್ವಿಚಾರಣೆಗೆಂದು ರಾಷ್ಟ್ರೀಯ ಪರಿಷತ್ತೊಂದು ಹುಟ್ಟಿತು. ಏರ್ಪಾಡುಗಳಿಗೆ ಬರಗಾಲವಿಲ್ಲ. ಆದರೆ ೨೦೧೬ರಲ್ಲಿ ಶಾರದಾ ಪ್ರಸಾದ್ ಸಮಿತಿಯು ಈ ವ್ಯವಸ್ಥೆಯನ್ನು ಪರಿಶೀಲಿಸಿ, ಇಟ್ಟುಕೊಂಡ ಸಂಖ್ಯೆಯ ಗುರಿಗಳು ಅತಿಯಾದುವೆಂದೂ, ನೋಡುವವರ ಮತ್ತು ನೋಡಿಸಿಕೊಳ್ಳುವವರ ಹಿತಗಳು ಒಂದರೊಳಗೊಂದು ಹೆಣೆದುಕೊಂಡಿವೆಯೆಂದೂ ಎತ್ತಿ ಹೇಳಿತು.

ಇದರ ಸೊಗಸನ್ನು ನಾವೂ ಒಮ್ಮೆ ಕಂಡಿದ್ದೇವೆ. ಪರಿಚಯದ ಹುಡುಗನೊಬ್ಬನನ್ನು ಸೇರಿಸಬೇಕೆಂದು ಒಂದು ಅಡಿಗೆ ತರಬೇತಿ ಕೇಂದ್ರಕ್ಕೆ ಹೋದಾಗ, ಸಾಲಾಗಿ ಆರು ಒಲೆಗಳು ಥಳಥಳಿಸುತ್ತಿದ್ದವು. ಒಂದರ ಮೇಲೂ ಮಸಿಯ ಕಲೆಯಿರಲಿಲ್ಲ. ಮರುದಿನ ಪರೀಕ್ಷಕರು ಬರುವವರಿದ್ದರಂತೆ. ಬಿಳಿಯ ಟೊಪ್ಪಿಗೆಗಳು ಬಾಡಿಗೆಗೆ ಬಂದು ಕಟ್ಟು ಬಿಚ್ಚದೆ ಮೂಲೆಯಲ್ಲಿ ಕುಳಿತಿದ್ದವು. ಹೊಟೇಲಿನಲ್ಲಿ ಮೂರು ದಿನ ದುಡಿದ ಯಾವ ಹುಡುಗನಾದರೂ ಆ ಒಲೆಯನ್ನು ಮುಟ್ಟದೆಯೇ, ಇಲ್ಲಿ ಯಾರೂ ಬೆಂಕಿ ಹಚ್ಚಿಲ್ಲವೆಂದು ಹೇಳಬಲ್ಲ. ಬಂದ ಪರೀಕ್ಷಕರ ನಮೂನೆಯಲ್ಲಿ ಮಾತ್ರ ಒಲೆಗಳ ಸಂಖ್ಯೆ ಎಷ್ಟೆಂಬ ಪ್ರಶ್ನೆ ಇದ್ದಿರಬೇಕು, ಉತ್ತರ ಆರು.

ಯುರೋಪಿನ ವೃತ್ತಿಶಾಲೆಗಳವರು ಹೂಡಿರುವ ಕ್ರಮವೊಂದು ಈ ಸಂದರ್ಭದಲ್ಲಿ ನಮಗೆ ತುಂಬ ಮೆಚ್ಚಿಕೆಯಾದುದು. ೨೦೦೪ರಿಂದ ೨೦೦೭ರ ವರೆಗೆ, ಆಸ್ಟ್ರಿಯದ ಸಂಸ್ಥೆಯೊಂದರ ಮುಂದಾಳುತನದಲ್ಲಿ ಹಲವು ದೇಶಗಳವರು ಸೇರಿ ಅದನ್ನು ರೂಪಿಸಿ ಕೈಪಿಡಿಯನ್ನೂ ಹೊರತಂದರು. ಸಹವೃತ್ತಿಯವರ ಪರಿಶೀಲನೆಯೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಮೊದಲು ಶಾಲೆಯವರು ತಮ್ಮ ಒಳ್ಳೆಯದನ್ನೂ ಕೊರತೆಯನ್ನೂ ತಾವೇ ಬರೆದುಕೊಳ್ಳಬೇಕು. ಬಳಿಕ ಬೇರೆ ಶಾಲೆಗಳಲ್ಲಿ ಅದೇ ವಿದ್ಯೆಯನ್ನು ಕಲಿಸುವ ನಾಲ್ಕು ಮಂದಿ ಎರಡು-ಮೂರು ದಿನಗಳ ಮಟ್ಟಿಗೆ ಬಂದು ನೋಡುತ್ತಾರೆ. ಪರದೇಶದವನೊಬ್ಬನನ್ನು ಕರೆಸಿಕೊಳ್ಳುವುದೂ ಉಂಟು. ಅವರು ಗುರುಗಳನ್ನಷ್ಟೇ ಮಾತಾಡಿಸಿ ಹೋಗುವುದಿಲ್ಲ. ಕಲಿಯುವವರನ್ನೂ, ಕಲಿತು ಹೋದವರನ್ನೂ, ಅವರಿಗೆ ಕೆಲಸ ಕೊಟ್ಟವರನ್ನೂ ಕೇಳುತ್ತಾರೆ. ಅಂಕ ಕೊಡುವುದಿಲ್ಲ, ದಂಡ ಹಾಕುವುದಿಲ್ಲ. ಕಂಡುದನ್ನು ಮುಖಕ್ಕೆ ಹೇಳಿ, ಬರೆದುಕೊಟ್ಟು ಹೋಗುತ್ತಾರೆ. ಮುಂದೆ ಅದನ್ನು ತಿದ್ದಿಕೊಳ್ಳುವುದು ಶಾಲೆಯ ಹೊಣೆ. ಇವರನ್ನು ಅಲ್ಲಿಯವರು ಟೀಕೆ ಮಾಡಬಲ್ಲ ಸ್ನೇಹಿತರೆಂದು ಭಾವಿಸುತ್ತಾರೆ.

ಹೊಟೇಲಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಗರಸಭೆಯ ತಪಾಸಣೆಯವನು ಬಂದಾಗ ಭಟ್ಟರು ನೆಲ ತೊಳೆಸುತ್ತಾರೆ, ಧಣಿಗಳು ಕಾಫಿ ತರಿಸುತ್ತಾರೆ. ಪಕ್ಕದ ಊರಿನ ಹೊಟೇಲಿನ ಭಟ್ಟರು ಬಂದು ಸಾಂಬಾರನ್ನು ಒಂದು ಬೆರಳಿನಲ್ಲಿ ನಾಲಗೆಗೆ ಮುಟ್ಟಿಸಿ, ‘ಮಾರಾಯ್ರೇ, ಕೊತ್ತಂಬರಿ ಹುರಿದದ್ದು ಹೆಚ್ಚಾಯಿತಲ್ಲ’ ಎಂದಾಗ ಮಾತ್ರ ಒಳಮನೆಗೆ ಒಳಮನೆಯೇ ಎಚ್ಚರಗೊಳ್ಳುತ್ತದೆ. ಆ ನಾಲಗೆಗೆ ಬಾಡಿಗೆಯ ಟೊಪ್ಪಿಗೆ ತೋರಿಸಿ ಪ್ರಯೋಜನವಿಲ್ಲ.

ನಮ್ಮ ಗುಮಾಸ್ತ ವಾಚಕರಿಗೂ ತಮ್ಮ ಬಾಳಿನದೇ ನೆನಪೊಂದನ್ನು ತರಲು ಬಯಸುತ್ತೇವೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಕಪ್ಪು ತೊಳೆದು ಬಂದ ಹುಡುಗರು ನಿದ್ದೆಗಣ್ಣಿನಲ್ಲಿ ಬೀಜಗಣಿತ ಕಲಿತರು. ಬ್ಯಾಂಕು, ವಿಮಾ ಕಚೇರಿಗಳ ಮೇಜುಗಳಿಗೆ ಅವರಲ್ಲಿ ಎಷ್ಟೋ ಮಂದಿ ಏರಿದರು. ಅವರನ್ನು ಕೆಲಸಕ್ಕೆ ಕರೆದವರು ರಾತ್ರಿ ಶಾಲೆಯ ಗೋಡೆಗಳನ್ನು ನೋಡಲಿಲ್ಲ. ಹಗಲು ಶಾಲೆಯವನ ಎಸ್.ಎಸ್.ಸಿ. ಉತ್ತರಪತ್ರಿಕೆಯೊಡನೆ ಇವನ ಪತ್ರಿಕೆಯೂ, ಇಬ್ಬರನ್ನೂ ಕಂಡರಿಯದ ಹೊರಗಿನ ಪರೀಕ್ಷಕನ ಮುಂದೆ ಹೋಗಿತ್ತೆಂಬುದೇ ಅವರಿಗೆ ಸಾಕಾಗಿತ್ತು. ಶಾಲೆ ತಾನೇ ಉತ್ತೀರ್ಣನೆಂದು ಬರೆದುಕೊಟ್ಟಿದ್ದರೆ ಆ ಕಾಗದವನ್ನು ಯಾವ ಮ್ಯಾನೇಜರನು ಓದುತ್ತಿದ್ದನು? ಅಕ್ಷರ ಕಲಿತವನಿಗೆ ದೊರೆತ ಈ ನ್ಯಾಯ ಕೈಕೆಲಸ ಕಲಿತವನಿಗೆ ಇನ್ನೂ ದೊರೆತಿಲ್ಲ. ಇಂಜಿನಿಯರರಿಗೂ ಅದು ದೊರೆತಾಯಿತು: ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತವು ೨೦೧೪ರಲ್ಲಿ ಪೂರ್ಣ ಸದಸ್ಯನಾದಂದಿನಿಂದ, ಒಪ್ಪಿಗೆ ಪಡೆದ ಅವರ ಪದವಿಗಳಿಗೆ ಇತರ ಸದಸ್ಯ ರಾಷ್ಟ್ರಗಳಲ್ಲಿ ಸಮಾನ ಮನ್ನಣೆಯಿದೆ.

ಪರದೇಶದವರು ಬಂದು ನಮ್ಮ ಅಡಿಗೆಯನ್ನು ಪರೀಕ್ಷಿಸಬೇಕೇ ಎಂದು ಕೆಲವರು ಸಿಡಿಮಿಡಿಗೊಳ್ಳಬಹುದು. ಮಸಾಲೆದೋಸೆಯ ರುಚಿಯನ್ನು ವಿಯೆನ್ನಾದವನಿಂದ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ಅವನು ನೋಡಬೇಕಾದುದು ಬೇರೆ: ಕಲಿಯುವ ಹುಡುಗನ ಕೈಗೆ ಚಾಕು ಎಷ್ಟನೆಯ ದಿನ ಬಂದಿತು, ಸುಟ್ಟ ಗಾಯಕ್ಕೆ ಏನು ಮಾಡಬೇಕೆಂದು ಅವನಿಗೆ ಹೇಳಿದರೇ, ಉಳಿದ ಅನ್ನವನ್ನು ಎಷ್ಟು ತಂಪಿನಲ್ಲಿಡಬೇಕೆಂಬುದು ಗೊತ್ತೇ, ಕಲಿತು ಹೋದವನು ವರ್ಷದ ಬಳಿಕ ಎಲ್ಲಿದ್ದಾನೆ. ಇವಕ್ಕೆ ದೇಶಭೇದವಿಲ್ಲ. ಅಲ್ಲದೆ ಈ ವ್ಯವಹಾರ ಕೊಡುಕೊಳ್ಳುವಿಕೆಯದು. ಇಂದು ಅವರು ಇಲ್ಲಿಗೆ ಬಂದರೆ ನಾಳೆ ನಮ್ಮ ಭಟ್ಟರು ಅವರ ಶಾಲೆಗೆ ಹೋಗಿ ಅವರ ತಪ್ಪನ್ನು ಹೇಳಬೇಕು. ನಮ್ಮ ಅಡಿಗೆಯವನೊಬ್ಬ ಪರದೇಶದ ಶಾಲೆಯಲ್ಲಿ ಪರಿಶೀಲಕನಾಗಿ ಕುಳಿತಾನೆಂಬುದೇ ನಮ್ಮ ಮಟ್ಟಿಗೆ ಈ ಕ್ರಮದ ದೊಡ್ಡ ಆಕರ್ಷಣೆ.

ವೆಚ್ಚದ ಮಾತು ನಿಜ. ಆದರೆ ಮುಂಬಯಿ-ಪುಣೆಗಳ ಹೊಟೇಲು ಮಾಲಕರ ಸಂಘಗಳಿಗೂ, ನಮ್ಮ ಜಾತಿಸಂಘ-ಕನ್ನಡಸಂಘಗಳಿಗೂ ಒಂದು ವಾರ್ಷಿಕೋತ್ಸವದ ಮಂಟಪಕ್ಕೆ ತಗಲುವ ಹಣ ಇದಕ್ಕೆ ಧಾರಾಳವಾಗಿ ಸಾಕು. ಇಂತಹ ಸಂಘಗಳು ಕೂಡಿ ಲೋಣಾವಳಾದಂತಹ ನಡುದಾರಿಯ ಊರಿನಲ್ಲಿ ಒಂದು ತರಬೇತಿ ಕೇಂದ್ರವನ್ನು ಆಯ್ದುಕೊಳ್ಳಲಿ. ಅದರ ಕುಂದುಕೊರತೆಗಳನ್ನು ಅಲ್ಲಿನವರೇ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಮೊದಲು ಬರೆಯಲಿ. ಪರಿಶೀಲನೆಗೆ ಪುಣೆಯ ಒಬ್ಬ ಹಳೆಯ ಭಟ್ಟರು, ಹಡಗಿನಲ್ಲಿ ಅಡಿಗೆ ಮಾಡಿ ಬಂದ ಒಬ್ಬರು, ಬೇರೆ ರಾಜ್ಯದ ಹೊಟೇಲು ಶಾಲೆಯ ಒಬ್ಬ ಗುರುಗಳು, ಕೊಲ್ಲಿಯ ದೇಶದಿಂದಲೋ ಸಿಂಗಪುರದಿಂದಲೋ ಒಬ್ಬರು, ಹೀಗೆ ನಾಲ್ವರು ಬರಲಿ. ಅವರ ವರದಿಯನ್ನು ಕಪಾಟಿನಲ್ಲಿಡದೆ ಕೇಂದ್ರದ ಬಾಗಿಲಿಗೇ ಅಂಟಿಸಲಿ. ಸೇರಲು ಬಂದ ಹುಡುಗನು, ಅವನನ್ನು ಕರೆತಂದ ಊರಿನವನು, ಹಣ ಕೊಡುವ ಮೊದಲು ಅದನ್ನು ಓದಿಕೊಳ್ಳುವಂತಾಗಬೇಕು.

ಹುಡುಗರನ್ನು ಕೆಲಸದಿಂದ ಬಿಡಿಸಿ ಕಳುಹಿಸುವುದು ಹೇಗೆಂದು ಮಾಲಕರು ಮುಖ ಸಿಂಡರಿಸುವುದನ್ನು ನಾವು ಈಗಲೇ ಕಾಣುತ್ತಿದ್ದೇವೆ. ಊಟದ ಸಂದಣಿ ಮುಗಿದು ಸಂಜೆಯ ಚಹ ಪ್ರಾರಂಭವಾಗುವ ಮೊದಲು, ಮೂರರಿಂದ ಐದರ ವರೆಗೆ ಒಳಮನೆಯವರು ಹಿಂಬಾಗಿಲ ಮೆಟ್ಟಲ ಮೇಲೆ ಕಾಲು ಚಾಚಿ ಕುಳಿತಿರುತ್ತಾರೆ. ಪರಿಶೀಲಕರು ಅವರೊಡನೆ ಮಾತಾಡುವ ವೇಳೆಯನ್ನು ಅದಕ್ಕೇ ಹೊಂದಿಸಿಕೊಂಡರೆ ಯಾವ ಧಣಿಗೂ ಒಂದು ದೋಸೆಯ ನಷ್ಟವೂ ಆಗದು.