ನಾವು ದುಡ್ಡು ಕೊಟ್ಟದ್ದು ಕತ್ತಲೆಗೆ



ಮನರಂಜನಾ ಪಾರ್ಕುಗಳನ್ನು ನಡೆಸುವ ಎಲ್ಲರಿಗೂ ಬರೆಯುತ್ತಿರುವ ಪತ್ರ ಇದು. ಒಂದು ಪಾರ್ಕಿನ ಹೆಸರು ಹಿಡಿದು ಜಗಳ ತೆಗೆಯುವ ಇರಾದೆ ನನಗಿಲ್ಲ. ಈ ತೊಂದರೆ ಒಂದೇ ಕಡೆ ಇರುವಂಥದ್ದೂ ಅಲ್ಲ. ರಜೆಯಲ್ಲಿ ಮಕ್ಕಳ ಕೈಹಿಡಿದು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಕತ್ತಲ ರೈಡಿನೊಳಗೆ ಹೋಗಿ, ಕಣ್ಣುಜ್ಜಿಕೊಳ್ಳುತ್ತಾ ಹೊರಬಂದವರೆಲ್ಲ ಇದನ್ನು ಓದಲಿ. ಅವರಿಗೆ ನಾನು ಹೊಸದೇನೂ ಹೇಳುತ್ತಿಲ್ಲ.

ನಲ್ಲಿಯಲ್ಲಿ ನೀರು ಬಂದಿಲ್ಲ, ಬೀದಿದೀಪ ಉರಿಯುತ್ತಿಲ್ಲ ಎಂಬ ದೂರುಗಳ ನಡುವೆ ‘ಕತ್ತಲಲ್ಲಿ ಫ್ಲ್ಯಾಶ್ ಹೊಡೆಯುತ್ತಾರೆ’ ಎಂಬ ದೂರು ನಗೆಪಾಟಲಾದೀತು, ಗೊತ್ತು. ಆದರೆ ಬೀದಿಯಲ್ಲಿ ಬೆಳಕು ಕೇಳುವುದು ಹಕ್ಕಾದರೆ, ಟಿಕೆಟ್ ಕೊಂಡು ಹೊಕ್ಕ ಕತ್ತಲ ಕೋಣೆಯಲ್ಲಿ ಕತ್ತಲೆ ಕೇಳುವುದೂ ಹಕ್ಕೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸುತ್ತಾ ಇಂಥ ಪಾರ್ಕುಗಳಿಗೆ ಹೋಗಿದ್ದೇನೆ. ಈಗ ಮೊಮ್ಮಕ್ಕಳ ಸರದಿ. ಅಂದು ಕಂಡ ತೊಂದರೆಯೇ ಇಂದೂ ಇದೆ, ಹತ್ತು ಪಟ್ಟು ಬೆಳೆದು.

ಅದು ಹೀಗಿರುತ್ತದೆ. ಬಂಡಿ ಒಂದು ಎಳೆತ ಎಳೆದು ಬಾಗಿಲನ್ನು ತಳ್ಳಿಕೊಂಡು ಒಳನುಗ್ಗುತ್ತದೆ. ಹೊರಗಿನ ಬಿಸಿಲು ಹಿಂದೆ ಉಳಿಯುತ್ತದೆ. ತಣ್ಣನೆಯ ಗಾಳಿ, ಎಲ್ಲೋ ಸರಪಳಿ ಎಳೆದ ಸದ್ದು. ಪಕ್ಕದಲ್ಲಿ ಕೂತ ಮಗು ನನ್ನ ಸೆರಗನ್ನು ಮುಷ್ಟಿ ಕಟ್ಟಿ ಹಿಡಿಯುತ್ತದೆ. ತಿರುವಿನಾಚೆ ಹಸಿರಾಗಿ ಏನೋ ಹೊಳೆಯುತ್ತದೆ. ಮುಷ್ಟಿ ಇನ್ನಷ್ಟು ಬಿಗಿಯಾಗುತ್ತದೆ.

ಅಷ್ಟರಲ್ಲಿ ಮುಂದಿನ ಸೀಟಿನಿಂದ ಫಳ್ ಎಂದು ಫ್ಲ್ಯಾಶ್.

ಒಂದು ಕ್ಷಣದಲ್ಲಿ ಎಲ್ಲವೂ ಬಯಲು. ಕಪ್ಪು ಬಣ್ಣ ಬಳಿದ ಪ್ಲೈವುಡ್, ಗೋಡೆಯುದ್ದಕ್ಕೂ ಕ್ಲಿಪ್ ಹೊಡೆದು ಎಳೆದ ವೈರು, ದೆವ್ವದ ಸೊಂಟಕ್ಕೆ ನಟ್ಟು ಬಿಗಿದ ಕಬ್ಬಿಣದ ಸರಳು. ‘ಅಜ್ಜೀ, ಅದು ಬರೀ ಗೊಂಬೆ’ ಎನ್ನುತ್ತದೆ ಮಗು. ಸೆರಗು ಹಿಡಿದ ಕೈ ಸಡಿಲವಾಗುತ್ತದೆ. ಆಮೇಲೆ ಎಷ್ಟು ದೆವ್ವ ಬಂದರೂ ಆ ಕೈ ಮತ್ತೆ ಬಿಗಿಯುವುದಿಲ್ಲ. ನನ್ನ ದೂರು ಇಷ್ಟೇ: ಆ ಕೈ ಸಡಿಲವಾಯಿತಲ್ಲ, ಅದಕ್ಕೆ ಯಾರು ಜವಾಬ್ದಾರರು?

‘ಒಂದು ಫೋಟೊ ತಾನೇ, ಅರೆ ಕ್ಷಣದ ಬೆಳಕು’ ಎನ್ನುವವರಿದ್ದಾರೆ. ಅವರಿಗೆ ಕಣ್ಣಿನ ಲೆಕ್ಕ ಗೊತ್ತಿಲ್ಲ. ಮಂದ ಬೆಳಕಿನಲ್ಲಿ ನೋಡಲೆಂದೇ ನಮ್ಮ ಕಣ್ಣಿನಲ್ಲಿ ದಂಡಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಪ್ರಖರ ಬೆಳಕು ಬಿದ್ದೊಡನೆ ಬಣ್ಣಗೆಡುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಲಿನಿಂದ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ರೈಡು ಮುಗಿಯುವುದೇ ಐದಾರು ನಿಮಿಷದಲ್ಲಿ. ಆ ಐದಾರು ನಿಮಿಷದಲ್ಲಿ ಕಣ್ಣು ಕಷ್ಟಪಟ್ಟು ಗಳಿಸಿಕೊಂಡ ಚೂರುಪಾರು ನೋಟವನ್ನೂ ಒಂದು ಫ್ಲ್ಯಾಶ್ ಕಿತ್ತುಕೊಳ್ಳುತ್ತದೆ. ಬೆಳಕು ಹೋದ ಮೇಲೂ ಕಣ್ಣೆದುರು ತೇಲುವ ಆ ನೀಲಿ-ನೇರಳೆ ಮಚ್ಚೆ ಎಲ್ಲರಿಗೂ ಪರಿಚಿತ. ಅದು ಆರುವಷ್ಟರಲ್ಲಿ ಎರಡು ದೃಶ್ಯ ದಾಟಿ ಹೋಗಿರುತ್ತವೆ.

ಒಳಗಿನ ಕೈಚಳಕವೆಲ್ಲ ನಿಂತಿರುವುದೂ ಕತ್ತಲ ಮೇಲೆಯೇ. ಹಸಿರಾಗಿ, ಕಿತ್ತಳೆಯಾಗಿ ಹೊಳೆಯುವ ಆ ಮುಖಗಳಿಗೆ ಬಳಿದಿರುವುದು ವಿಶೇಷ ಬಣ್ಣ. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಅದು ತಾನೇ ಹೊಳೆಯುತ್ತದೆ. ಅದರ ಮೇಲೆ ಬಿಳಿ ಬೆಳಕು ಸುರಿದರೆ ಹೊಳಪು ಸತ್ತು ಬರೀ ಬಣ್ಣ ಬಳಿದ ಹಲಗೆ ಉಳಿಯುತ್ತದೆ.

ಗಾಳಿಯಲ್ಲಿ ತೇಲುವ, ತನ್ನ ಮೂಲಕ ಆಚೆಗಿನದೆಲ್ಲ ಕಾಣುವ ಪಾರದರ್ಶಕ ದೆವ್ವದ ವಿದ್ಯೆ ಇನ್ನೂ ಹಳೆಯದು. 1862ರಲ್ಲಿ ಲಂಡನ್ನಿನ ವೇದಿಕೆಯೊಂದರಲ್ಲಿ ಜಾನ್ ಹೆನ್ರಿ ಪೆಪ್ಪರ್ ಇದನ್ನು ತೋರಿಸಿದ. ಮೂಲ ಉಪಾಯ ಹೆನ್ರಿ ಡರ್ಕ್ಸ್ ಎಂಬವನದು. ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ಮೂಲೆಯಲ್ಲಿ ಬೆಳಕು ಬಿಟ್ಟು ನಿಲ್ಲಿಸಿದ ಆಕೃತಿ. ಗಾಜಿನಲ್ಲಿ ಮೂಡುವ ಅದರ ಪ್ರತಿಬಿಂಬವೇ ದೆವ್ವ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1969ರಲ್ಲಿ ತೆರೆದ ‘ಹಾಂಟೆಡ್ ಮ್ಯಾನ್ಷನ್’ ಎಂಬ ಕತ್ತಲ ರೈಡಿನಲ್ಲಿ ಜೋಡಿ ಜೋಡಿಯಾಗಿ ಕುಣಿಯುವ ದೆವ್ವಗಳೂ ಇದೇ ವಿದ್ಯೆಯವು. ಮಗಳ ಮನೆಗೆ, ಮಗನ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮವರು ಎಷ್ಟೋ ಜನ ಅದನ್ನು ಕಂಡು ಬೆರಗಾಗಿದ್ದಾರೆ. ಇಡೀ ಆಟ ನಡೆಯುವುದು ಒಂದೇ ಒಂದು ಷರತ್ತಿನ ಮೇಲೆ: ಪ್ರೇಕ್ಷಕರು ಕೂತ ಕಡೆ ಕತ್ತಲಿರಬೇಕು. ಅಲ್ಲಿಂದ ಫ್ಲ್ಯಾಶ್ ಹೊಡೆದರೆ ದೆವ್ವ ಮಸುಕಾಗಿ, ನಡುವೆ ಗಾಜಿರುವುದು ಬಯಲಾಗುತ್ತದೆ.

ಇಷ್ಟು ದೂರ ಹೋಗುವುದೇ ಬೇಡ. ತೊಗಲುಗೊಂಬೆಯಾಟ ನೋಡಿದವರನ್ನು ಕೇಳಿ. ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಈಚೆ ಕತ್ತಲಲ್ಲಿ ಚಾಪೆ ಹಾಸಿಕೊಂಡು ಕೂತ ಜನ. ಯಾರಾದರೂ ಈಚೆಯಿಂದ ಪರದೆಗೆ ಟಾರ್ಚು ಬಿಟ್ಟರೆ ರಾಮನೂ ಇಲ್ಲ, ರಾವಣನೂ ಇಲ್ಲ, ಬರೀ ಬಿಳಿ ಪಂಚೆ. ಬಿಟ್ಟವನ ಕೈಯಿಂದ ಊರ ಹಿರಿಯರು ಟಾರ್ಚು ಕಸಿದುಕೊಳ್ಳದೆ ಇರುತ್ತಿದ್ದರೇ?

ಇನ್ನೊಂದು ಮಾತು ಕೇಳಿ, ನಗು ಬರುತ್ತದೆ. ಇಷ್ಟೆಲ್ಲ ಹಾಳು ಮಾಡಿ ತೆಗೆದ ಫೋಟೊವಾದರೂ ಚೆನ್ನಾಗಿ ಬರುತ್ತದೆಯೇ? ಇಲ್ಲ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು, ಮೂರು ಪಟ್ಟಾದರೆ ಒಂಬತ್ತನೇ ಒಂದು. ಫೋನಿನ ಪುಟ್ಟ ದೀಪ ಕೆಲವು ಮೀಟರ್ ದಾಟುವಷ್ಟರಲ್ಲಿ ಸೋತಿರುತ್ತದೆ. ಕೊನೆಗೆ ಫೋಟೊದಲ್ಲಿ ಉಳಿಯುವುದು ಮುಂದೆ ಕೂತವರ ಬೋಳುತಲೆ, ಎದೆಗೆ ಅಡ್ಡವಾದ ಕಂಬಿ, ಅದರಾಚೆ ಕಪ್ಪು. ಅದನ್ನು ಆ ರಾತ್ರಿಯೇ ಅಳಿಸುತ್ತಾರೆ. ಯಾರಿಗೂ ಬೇಡದ ಒಂದು ಫೋಟೊಕ್ಕೆ ಇಡೀ ಬಂಡಿಯವರು ತೆತ್ತ ಬೆಲೆ ಮಾತ್ರ ವಾಪಸ್ ಬರುವುದಿಲ್ಲ.

ರೀಲು ಹಾಕುವ ಕ್ಯಾಮೆರಾದ ಕಾಲದಲ್ಲೂ ಈ ಕಾಟ ಇತ್ತು. ಆದರೆ ರೀಲಿಗೆ 36 ಫೋಟೊ, ತೊಳೆಸಲು ಬೇರೆ ದುಡ್ಡು. ಜನ ಕೈಬಿಗಿ ಹಿಡಿಯುತ್ತಿದ್ದರು. ಈಗ ಬಂಡಿಯಲ್ಲಿ ಆರು ಜನ ಕೂತರೆ ಆರು ಫೋನು. ಫ್ಲ್ಯಾಶ್ ಸಾಲದೆಂದು ವಿಡಿಯೊದ ಟಾರ್ಚೂ ಬಂದಿದೆ. ಅದು ಒಮ್ಮೆ ಮಿಂಚಿ ಆರುವುದೂ ಇಲ್ಲ. ಒಳಹೋದಾಗಿಂದ ಹೊರಬರುವ ತನಕ ಉರಿಯುತ್ತಲೇ ಇರುತ್ತದೆ.

ಅನುಭವಿಸುವವರು ಯಾರು? ಮೊದಲು ಮಕ್ಕಳು. ದೊಡ್ಡವರು ಇನ್ನೊಮ್ಮೆ ಬಂದಾರು. ದೆವ್ವವನ್ನು ನಿಜವೆಂದು ನಂಬುವ ವಯಸ್ಸು ಮಗುವಿಗೆ ಎರಡನೇ ಸಲ ಬರುವುದಿಲ್ಲ. ವರ್ಷವಿಡೀ ಉಳಿಸಿದ ದುಡ್ಡಿನಲ್ಲಿ ಒಂದೇ ಒಂದು ದಿನ ಸಂಸಾರ ಸಮೇತ ಬಂದವರೂ ಇದ್ದಾರೆ. ಮೈಗ್ರೇನ್ ಇರುವವರು ಇದ್ದಾರೆ. ಪದೇ ಪದೇ ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಅಪಸ್ಮಾರದ ರೋಗಿಗಳೂ ಕೆಲವರಿದ್ದಾರೆ. ರೈಡಿನ ಬಾಗಿಲಲ್ಲಿ ಎಚ್ಚರಿಕೆಯ ಫಲಕ ಓದಿ, ಒಳಗೆ ಅಂಥ ಬೆಳಕಿಲ್ಲ ಎಂದು ಖಾತ್ರಿ ಮಾಡಿಕೊಂಡು ಹತ್ತಿದವರ ಮುಖಕ್ಕೆ ಮುಂದಿನ ಸೀಟಿನವರು ಬೆಳಕು ಹೊಡೆದರೆ ಆ ಫಲಕ ಏನು ಕಾಪಾಡೀತು?

ಇನ್ನು, ಆ ಕತ್ತಲನ್ನು ಕಟ್ಟಿದವರು. ಬಣ್ಣ ಬಳಿದವರು, ಗೊಂಬೆಯ ಕೈ ಸರಿಯಾದ ಗಳಿಗೆಗೆ ಮೇಲೇಳುವಂತೆ ಜೋಡಿಸಿದ ಮೆಕ್ಯಾನಿಕ್. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೆಲಸ ಕಾಣಬೇಕಾದ ಬೆಳಕಿನಲ್ಲಿ ಅದನ್ನು ಯಾರೂ ಕಾಣುತ್ತಿಲ್ಲ.

ಈಗ ಆಡಳಿತದವರ ಮೌನದ ವಿಷಯಕ್ಕೆ ಬರುತ್ತೇನೆ. ಬಾಗಿಲ ಬಳಿ ‘ಫ್ಲ್ಯಾಶ್ ನಿಷೇಧಿಸಲಾಗಿದೆ’ ಎಂಬ ಫಲಕ ಇರುತ್ತದೆ. ಸಾಲು ತಿರುಗುವ ಜಾಗದಲ್ಲಿ, ಫ್ಯಾನಿನ ಹಿಂದೆ, ಅರ್ಧ ಮಾಸಿ. ಫಲಕವೇ ಇಲ್ಲದಿದ್ದರೆ ನಿಯಮವಿಲ್ಲ ಎಂದುಕೊಳ್ಳಬಹುದಿತ್ತು. ಫಲಕ ಹಾಕಿ ಅದರ ಕೆಳಗೇ ಎಲ್ಲವನ್ನೂ ನಡೆಯಬಿಟ್ಟರೆ, ನಿಯಮಕ್ಕೆ ಕಿಮ್ಮತ್ತಿಲ್ಲವೆಂದು ನೀವೇ ಕಲಿಸಿದಂತೆ.

ಬಂಡಿಗೆ ಹತ್ತಿಸಿ ಕಂಬಿ ಬಿಗಿಯುವ ಹುಡುಗನನ್ನು ಒಮ್ಮೆ ಕೇಳಿದ್ದೆ, ‘ಯಾಕಪ್ಪಾ, ನೀನಾದರೂ ಹೇಳಬಾರದೇ?’ ಎಂದು. ‘ಮೇಡಂ, ನಾವು ಹೇಳಿದ್ರೆ ಅವ್ರೇ ನಮ್ಮ ಮೇಲೆ ಕಂಪ್ಲೇಂಟ್ ಕೊಡ್ತಾರೆ’ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದವನ ಬೆನ್ನಿಗೆ ನಿಲ್ಲದವರ ಮೇಲಿದೆ.

ಹೊರಗೆ ಬಂದರೆ ಸಲಹಾ ಪುಸ್ತಕ. ಬರೆದಿದ್ದೇನೆ, ಒಂದಲ್ಲ, ಹಲವು ಸಲ. ಫೋನಿಗೆ ಸಂದೇಶ ಬರುತ್ತದೆ: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಮತ್ತೆ ಭೇಟಿ ಕೊಡಿ. ಮತ್ತೆ ಭೇಟಿ ಕೊಟ್ಟರೆ ಅದೇ ಫಲಕ, ಅದೇ ಫ್ಯಾನು. ಬೈದು ಉತ್ತರ ಬರೆದಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ. ಯಾರೋ ಓದಿದ್ದಾರೆ ಎಂದಾದರೂ ಗೊತ್ತಾಗುತ್ತಿತ್ತು.

ಈ ಮೌನಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪ್ರವೇಶದ್ವಾರದಲ್ಲಿ ‘ಫೋಟೊ ಹಾಕಿ, ನಮ್ಮನ್ನು ಟ್ಯಾಗ್ ಮಾಡಿ’ ಎಂದು ಬೇಡುವವರು ನೀವೇ. ಪ್ರತಿ ಫೋಟೊ ನಿಮಗೆ ಪುಕ್ಕಟೆ ಜಾಹೀರಾತು. ಬಂಡಿ ಕೆಳಕ್ಕೆ ಬೀಳುವ ತಿರುವಿನಲ್ಲಿ ನಿಮ್ಮದೇ ಕ್ಯಾಮೆರಾ ಇಟ್ಟು, ನಮ್ಮ ಬಾಯ್ತೆರೆದ ಮುಖ ಹಿಡಿದು, ಹೊರಗೆ ಚೌಕಟ್ಟು ಹಾಕಿ ಮಾರುತ್ತೀರಿ. ಮಾರಿ, ತಕರಾರಿಲ್ಲ. ಆದರೆ ನೀವು ಮಾರುತ್ತಿರುವ ಮೊದಲ ಸರಕು ಕತ್ತಲೆ. ಅದನ್ನು ಕಾಯುವುದು ನಿಮ್ಮ ಕರ್ತವ್ಯ.

ಏನು ಮಾಡಬಹುದು ಎಂದು ಕೇಳುತ್ತೀರಾದರೆ, ಹೇಳುತ್ತೇನೆ. ಕಂಬಿ ಬಿಗಿಯುವ ಮೊದಲು ಒಬ್ಬರು ಬಾಯಿಬಿಟ್ಟು, ಕನ್ನಡದಲ್ಲಿ, ‘ಫ್ಲ್ಯಾಶ್, ಟಾರ್ಚು ಆರಿಸಿ, ಫೋನು ಜೇಬಿಗೆ ಹಾಕಿ’ ಎನ್ನಲಿ. ಫಲಕವನ್ನು ಫ್ಯಾನಿನ ಹಿಂದಿನಿಂದ ತೆಗೆದು ಕಣ್ಣೆತ್ತರಕ್ಕೆ ತನ್ನಿ. ಓದು ಬಾರದವರಿಗೂ ತಿಳಿಯಲು ಮಿಂಚಿನ ಗುರುತಿಗೆ ಅಡ್ಡಗೆರೆ ಎಳೆದ ಚಿತ್ರ ಸಾಕು.

ಸುರಕ್ಷತೆಗೆಂದು ಒಳಗೆ ಕ್ಯಾಮೆರಾ ಇಟ್ಟಿರುವ ಕಡೆ, ಬೆಳಕು ಹೊಡೆದ ಬಂಡಿಯ ಸಂಖ್ಯೆ ಹಿಡಿದು ಧ್ವನಿವರ್ಧಕದಲ್ಲಿ ಒಮ್ಮೆ ಎಚ್ಚರಿಸಿ. ಕತ್ತಲಲ್ಲಿ ತನ್ನ ಬಂಡಿಯ ಸಂಖ್ಯೆ ಕೇಳಿದವರು ಎರಡನೇ ಸಲ ಹೊಡೆಯುವುದು ಕಡಿಮೆ. ಹೇಳಿದ ಸಿಬ್ಬಂದಿಯ ಮೇಲೆ ದೂರು ಬಂದರೆ ಅದು ಅವನ ಸಂಬಳಕ್ಕೆ ತಾಗದೆಂದು ಬರೆದುಕೊಡಿ. ರೈಡಿನ ಹೊರಗೆ ಒಂದು ಗೊಂಬೆ, ಒಂದು ಒಳ್ಳೆ ದೀಪ ಇಟ್ಟು ಫೋಟೊಕ್ಕೆಂದೇ ಜಾಗ ಮಾಡಿ. ಅಲ್ಲಿ ಎಷ್ಟು ಬೇಕಾದರೂ ಹೊಡೆದುಕೊಳ್ಳಲಿ. ಇದಕ್ಕೆಲ್ಲ ಹೊಸ ರೈಡು ಕಟ್ಟುವಷ್ಟು ದುಡ್ಡು ಬೇಡ. ಮನಸ್ಸು ಬೇಕು.

ಜತೆಗೆ ಸಾಲಿನಲ್ಲಿ ನಿಲ್ಲುವ ನಮಗೂ ಒಂದು ಮಾತು. ಫ್ಲ್ಯಾಶ್ ಹೊಡೆಯುವವರೆಲ್ಲ ಒರಟರಲ್ಲ. ಬಹಳ ಫೋನುಗಳಲ್ಲಿ ಅದು ‘ಆಟೊ’ದಲ್ಲಿರುತ್ತದೆ, ಕತ್ತಲು ಕಂಡೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಹೊಡೆದವರೇ ಬೆಚ್ಚಿಬಿದ್ದು ‘ಅಯ್ಯೋ’ ಎಂದದ್ದನ್ನು ಕೇಳಿದ್ದೇನೆ. ಸಾಲಿನಲ್ಲಿ ನಿಂತಾಗಲೇ ಕ್ಯಾಮೆರಾ ತೆರೆದು ಮಿಂಚಿನ ಗುರುತನ್ನು ಒಮ್ಮೆ ಒತ್ತಿ ಆರಿಸಿ. ಪಕ್ಕದವರಿಗೂ ಮೆತ್ತಗೆ ಹೇಳಿ: ‘ಫ್ಲ್ಯಾಶ್ ಆಫ್ ಮಾಡ್ಕೊಳ್ಳಿ, ಮಕ್ಕಳು ನೋಡ್ತಾರೆ.’ ನಾವು ಗೊಣಗಿಕೊಂಡು ಹೊರಬರುವವರೇ ಹೊರತು ಹೇಳುವವರಲ್ಲ. ನಮ್ಮ ಆ ಗೊಣಗು ಯಾರ ಮೇಜಿಗೂ ತಲುಪಿಲ್ಲ. ತಲುಪಲೆಂದೇ ಈ ಪತ್ರ.

‘ನಿಮ್ಮ ಅನಿಸಿಕೆ ಅಮೂಲ್ಯ’ ಎಂದು ಮತ್ತೆ ಸಂದೇಶ ಕಳಿಸಬೇಡಿ. ಮುಂದಿನ ರಜೆಗೂ ಬರುತ್ತೇನೆ. ಟಿಕೆಟಿನ ಪೂರ್ತಿ ದುಡ್ಡು ಕೊಟ್ಟೇ ಬರುತ್ತೇನೆ. ಪಕ್ಕದಲ್ಲಿ ನನ್ನ ಸೆರಗು ಹಿಡಿದು ಒಂದು ಮಗು ಕೂತಿರುತ್ತದೆ. ಬಂಡಿ ಹೊರಬರುವ ತನಕ ಆ ಹಿಡಿತ ಸಡಿಲವಾಗದಿದ್ದರೆ, ನಿಮ್ಮ ಉತ್ತರ ಬಂತೆಂದು ತಿಳಿಯುತ್ತೇನೆ.

ಇಂತಿ,
ಸಾಲಿನಲ್ಲಿ ನಿಂತವರಲ್ಲಿ ಒಬ್ಬಳು